ನೊಯ್‌ಮಾರ್ಕ್ಟ್‌ನ ಮೇಬ್ಯಾಕ್ ಮತ್ತು ಎರಡು ಪುಟ್ಟ ಲಿವರ್

ನ್ಯೂರೆಂಬರ್ಗ್‌ನ ಕೋಟೆ, ಚರ್ಚು, ಸಂತೆ ಎಲ್ಲ ನೋಡಿದ್ದಾಯ್ತು. ಚೆನ್ನಾಗಿವೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ಬಿಡಿ. ನನಗೆ ಹಿಡಿಸಿದ್ದು ಅಲ್ಲಿಂದ ಸುಮಾರು 40 ಕಿ.ಮೀ. ದೂರದ ನೊಯ್‌ಮಾರ್ಕ್ಟ್. ಎಕ್ಸ್‌ಪ್ರೆಸ್ ಕಂಪನಿಯ ಹಳೇ ಸೈಕಲ್ ಫ್ಯಾಕ್ಟರಿಯಲ್ಲಿ ಈಗ ಮೇಬ್ಯಾಕ್ ಅನ್ನೋ ಜರ್ಮನ್ ಐಷಾರಾಮಿ ಕಾರುಗಳ ಮ್ಯೂಸಿಯಂ ಇದೆ.

ಹೋಗುವವರಿಗೆ ಒಂದು ಮಾತು: ಜೇಬಲ್ಲಿ ನಗದು ಇರಲಿ, ಚೀಲದಲ್ಲಿ ತಿಂಡಿ ಇರಲಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ತೆರೆದಿದ್ದ ಒಂದೇ ಒಂದು ಕೆಫೆಯವರು ಕಾರ್ಡ್ ಬೇಡವೇ ಬೇಡ ಅಂದರು. ಕಾಫಿ ಲೋಟ ಆಗಲೇ ಮೇಜಿನ ಮೇಲಿತ್ತು! ಎರ್ಲಾಂಗೆನ್‌ನಲ್ಲಿ ಕೆಲಸ ಮಾಡುವ ಅಣ್ಣನ ಮಗ ಜೇಬೆಲ್ಲ ತಡಕಿ ಚಿಲ್ಲರೆ ಹೊಂದಿಸಿದ.

ಒಳಗೆ ಮೇಬ್ಯಾಕ್‌ನ ಜೆಪ್ಪೆಲಿನ್ ಡಿಎಸ್‌8 ಕಾರು ನಿಂತಿತ್ತು. 12 ಸಿಲಿಂಡರ್, 8 ಲೀಟರ್, 200 ಅಶ್ವಶಕ್ತಿ. ಕ್ರೋಮಿನ ಥಳುಕು ನನಗೆ ಅಷ್ಟಕ್ಕಷ್ಟೇ. ಕಣ್ಣು ನೆಟ್ಟಿದ್ದು ಸ್ಟೀರಿಂಗ್ ನಡುವಿನ ಎರಡು ಪುಟ್ಟ ಲಿವರ್‌ಗಳ ಮೇಲೆ. ಕಾರು ತೋರಿಸುತ್ತಿದ್ದ ಹಿರಿಯರೊಬ್ಬರು ಅದನ್ನು ಗಮನಿಸಿ ಹತ್ತಿರ ಬಂದರು. ಆಮೇಲೆ ಉಳಿದ ಕಾರುಗಳನ್ನು ನಾವು ಸರಿಯಾಗಿ ನೋಡಲೇ ಇಲ್ಲ.

"ಲಿವರ್ ಸರಿಸಬೇಕು, ಆಕ್ಸಿಲರೇಟರ್‌ನಿಂದ ಕಾಲು ಎತ್ತಬೇಕು. ಅಷ್ಟೇ," ಅಂದರು. ಕ್ಲಚ್ ತುಳಿಯುವ ಗೋಜಿಲ್ಲ. ಕಾಲೆತ್ತಿದಾಗ ಎಂಜಿನ್ನಿನಲ್ಲಿ ಹುಟ್ಟುವ ನಿರ್ವಾತವೇ ಗೇರ್ ಎಳೆದು ಕೂರಿಸುತ್ತದೆ. ಇದರ ಮೂಲ ಮೇಬ್ಯಾಕ್‌ನದೇ 1928ರ ಡಬ್ಲ್ಯೂ5 ಎಸ್‌ಜಿ ಕಾರು. ಅದರ ಗೇರ್‌ಬಾಕ್ಸ್‌ಗೆ ಒಂದು ಓವರ್‌ಡ್ರೈವ್ ಸೇರಿಸಿದ್ದರು, ಅಂದರೆ ಎಂಜಿನ್ ನಿಧಾನ ತಿರುಗಿದರೂ ಕಾರು ಜೋರಾಗಿ ಓಡುವಂಥ ಗೇರ್.

"ಅಷ್ಟು ದೊಡ್ಡ ಎಂಜಿನ್‌ಗೆ ಅದೆಲ್ಲ ಯಾಕೆ ಬೇಕಿತ್ತು?" ಅಂತ ಕೇಳಿದೆ.

"ಹಿಂದೆ ಕೂತ ಯಜಮಾನರಿಗೆ ಎಂಜಿನ್ ಸದ್ದು ಕೇಳಬಾರದು," ಅಂತ ನಕ್ಕರು.

ಅಣ್ಣನ ಮಗ ಬಿಡಿಸಿ ಹೇಳಿದ: "ಚಿಕ್ಕಪ್ಪ, ಗೇರ್ ಸೈಕಲ್‌ನಲ್ಲಿ ಹಿಂದಿನ ಚಿಕ್ಕ ಹಲ್ಲುಚಕ್ರಕ್ಕೆ ಚೈನ್ ಹಾಕಿದ ಹಾಗೆ. ಪೆಡಲ್ ನಿಧಾನ, ಸೈಕಲ್ ಜೋರು. ಏರು ಬಂದರೆ ಮಾತ್ರ ಕಷ್ಟ."

ಆ ಏರಿನ ತೊಂದರೆ ರೋಲ್ಸ್ ರಾಯ್ಸ್‌ನವರಿಗೆ ಬಹಳ ಹಿಂದೆಯೇ ಎದುರಾಗಿತ್ತು. ಶುರುವಿನ ಸಿಲ್ವರ್ ಘೋಸ್ಟ್‌ಗಳಲ್ಲಿ ನಾಲ್ಕನೇ ಗೇರ್ ಓವರ್‌ಡ್ರೈವ್ ಆಗಿತ್ತು. ಕೊಂಡವರಿಗೆ ಗೇರ್ ಬದಲಿಸೋದೇ ಬೇಡ, ಟಾಪ್‌ನಲ್ಲೇ ಏರು ಹತ್ತಬೇಕು! 1909ರಲ್ಲಿ ಕಂಪನಿ ಅದನ್ನು ತೆಗೆದು ಮೂರೇ ಗೇರ್ ಕೊಟ್ಟಿತು. ಆಮೇಲೆ ರಸ್ತೆಯೇ ಬದಲಾಯ್ತು. 1935ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್-ಡಾರ್ಮ್‌ಸ್ಟಾಟ್ ಆಟೋಬಾನ್ (ವೇಗದ ಹೆದ್ದಾರಿ) ತೆರೆದ ಮೇಲೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿಸಬಹುದಾಯ್ತು. ಇಂಗ್ಲೆಂಡಿನ ಅಂಕುಡೊಂಕು ರಸ್ತೆಗೆ ಒಗ್ಗಿದ್ದ ಬೆಂಟ್ಲಿಗಳ ಎಂಜಿನ್ ಅಲ್ಲಿ ಬಿಡುವಿಲ್ಲದೆ ಜೋರಾಗಿ ತಿರುಗಿ ಬೇರಿಂಗ್ ಸುಡತೊಡಗಿತು. ಅದಕ್ಕೇ 1938ರ ಕೊನೆಗೆ 4¼ ಲೀಟರ್ ಬೆಂಟ್ಲಿಯಲ್ಲಿ ಮೂರನೇ ಗೇರನ್ನು ನೇರ (ಎಂಜಿನ್ ತಿರುಗಿದಷ್ಟೇ ಗೇರ್‌ಬಾಕ್ಸಿನಿಂದ ಹೊರಡುವ ದಂಡವೂ ತಿರುಗುವ ಹಾಗೆ) ಮಾಡಿ, ನಾಲ್ಕನೆಯದನ್ನು ಓವರ್‌ಡ್ರೈವ್ ಮಾಡಿದರು.

"ಬೆಂಟ್ಲಿ ತಡವಾಗಿ ಕಲಿಯಿತು," ಅಂದರು ಹಿರಿಯರು, ತುಸು ಜಂಬದಿಂದಲೇ. ಜಂಬಕ್ಕೆ ಕಾರಣ ಇತ್ತು ಅನ್ನಿ. ಆದರೆ ಆ ಮೇಬ್ಯಾಕ್ ಗೇರ್‌ಬಾಕ್ಸ್ ರಿಪೇರಿಗೆ ಬಂದರೆ ಬಿಚ್ಚುವವರು ಎಷ್ಟು ಜನ ಸಿಗುತ್ತಾರೆ? ಬೆಂಟ್ಲಿಯ ಉಪಾಯ ಸರಳ. ನನ್ನ ಓಟು ಅದಕ್ಕೇ. ಹಾಗಂತ ಹೇಳಿಯೂ ಬಿಟ್ಟೆ.

ಅವರು ಬೇಜಾರಾಗಲಿಲ್ಲ. "ನಿಮ್ಮ ಪಟಿಯಾಲಾ ಮಹಾರಾಜ ಭೂಪಿಂದರ್ ಸಿಂಗ್ ಹತ್ತಿರವೂ ಒಂದು ಮೇಬ್ಯಾಕ್ ಇತ್ತು, ಗೊತ್ತಾ?" ಅಂತ ಹೊಸ ಕಥೆ ತೆಗೆದರು. ಅಣ್ಣನ ಮಗ ಗಡಿಯಾರ ತೋರಿಸಿದ. ನಾನು ನೋಡದವನ ಹಾಗೆ ನಿಂತೆ. ನಾಲ್ಕರ ರೈಲು ತಪ್ಪಿತು.