ನಮ್ಮೂರ ಕೆರೆಗೆ ಬಂದ ಕಡಲ ಹಕ್ಕಿ: ದಾಖಲೆ ಕೆಲಸ ಎಲ್ಲಿಗೆ ಬಂತು

ದಿನ 1, ಭಾನುವಾರ

ಭಾನುವಾರ ಬೆಳಿಗ್ಗೆ ಕೆರೆ ಏರಿ ಮೇಲೆ ಒಂದು ಸುತ್ತು ಹೋಗಿ ಹಕ್ಕಿ ಎಣಿಸೋದು ನಾಲ್ಕು ವರ್ಷದಿಂದ ಅಭ್ಯಾಸ. ತಿಪಟೂರು ಕಡೆಯ ಸಾಧಾರಣ ಕೆರೆ. ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ಒಂದಷ್ಟು ಬೆಳ್ಳಕ್ಕಿ. ಪಟ್ಟಿಯನ್ನು ಮನೆಯಲ್ಲೇ ಕೂತು ಬರೆಯಬಹುದು, ಅಷ್ಟು ಗೊತ್ತು. ಎರಡು ದಿನದಿಂದ ಗಾಳಿ ಮಳೆ ಜೋರಾಗಿತ್ತು, ಅವತ್ತು ಬೆಳಿಗ್ಗೆ ಸ್ವಲ್ಪ ಬಿಡುವು ಕೊಟ್ಟಿತ್ತು ಅಂತ ಕ್ಯಾಮೆರಾ ಹಾಕಿಕೊಂಡು ಹೊರಟೆ.

ತೂಬಿನ ಕಲ್ಲುಕಂಬದ ಮೇಲೆ ಒಂದು ಹಕ್ಕಿ ಕೂತಿತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಉದ್ದ ರೆಕ್ಕೆ, ಕವಲು ಬಾಲ. ರೀವ (ಇಂಗ್ಲಿಷಲ್ಲಿ ಟರ್ನ್ ಅಂತಾರಲ್ಲ, ಆ ನೀರುಹಕ್ಕಿ) ಅನ್ನೋದೇನೋ ಗೊತ್ತಾಯಿತು. ಆದರೆ ಭದ್ರಾ ಹಿನ್ನೀರಲ್ಲಿ ಗುಂಪುಗುಂಪಾಗಿ ಮೊಟ್ಟೆ ಇಡುತ್ತದಲ್ಲ ನದಿ ರೀವ, ಅದಲ್ಲ. ಅದರ ಕೊಕ್ಕು ಹಳದಿ, ಬೆನ್ನು ಬೂದಿ. ಚಳಿಗಾಲದಲ್ಲಿ ನಮ್ಮ ಕೆರೆಗೆ ಬರುವ ಮೀಸೆ ರೀವವೂ ಅಲ್ಲ, ಅದು ಇದಕ್ಕಿಂತ ಚಿಕ್ಕದು, ತೆಳು ಬೂದಿ ಬಣ್ಣ. ಇದು ಕಡಲಿನದು. ಕೈ ನಡುಗೋಕೆ ಶುರುವಾಯಿತು ಅಂದರೆ ಸುಳ್ಳಲ್ಲ.

ಇಲ್ಲಿಂದ ಕರಾವಳಿಗೆ ಕಾಗೆ ಹಾರಿದ ಹಾಗೆ ಲೆಕ್ಕ ಹಾಕಿದರೂ ಸುಮಾರು 180 ಕಿಲೋಮೀಟರ್, ನಡುವೆ ಇಡೀ ಪಶ್ಚಿಮ ಘಟ್ಟ.

ಒಂದು ಕೆಲಸ ಸರಿಯಾಗಿ ಮಾಡಿದೆ. ಪುಸ್ತಕ, ಆ್ಯಪ್ ಯಾವುದನ್ನೂ ತೆಗೆಯದೆ, ಅಲ್ಲೇ ಏರಿ ಮೇಲೆ ಕೂತು ಕಂಡದ್ದನ್ನೆಲ್ಲ ನೋಟ್‌ಬುಕ್ಕಲ್ಲಿ ಬರೆದೆ. ಒಂದು ಕೆಟ್ಟ ಚಿತ್ರವನ್ನೂ ಬಿಡಿಸಿದೆ (ಬಾತುಕೋಳಿ ತರಹ ಬಂದಿದೆ, ಯಾರಿಗೂ ತೋರಿಸಲ್ಲ). ಪುಸ್ತಕ ನೋಡಿದ ಮೇಲೆ ಬರೆದರೆ ನಾವು ಕಂಡದ್ದಕ್ಕಿಂತ ಪುಸ್ತಕದಲ್ಲಿ ಇರೋದೇ ಜಾಸ್ತಿ ಬರುತ್ತೆ. ಫೋಟೋ 143 ತೆಗೆದೆ.

ಮೀನು ಗುತ್ತಿಗೆ ಹಿಡಿದಿರುವ ಹುಡುಗ ತೆಪ್ಪ ಕಟ್ಟುತ್ತಾ ನನ್ನನ್ನೇ ನೋಡುತ್ತಿದ್ದ. "ಅಣ್ಣ, ಅದು ನೀರಿಗೆ ಕೂರೋದೇ ಇಲ್ಲ ನೋಡಿ. ಹಾರುತ್ತೆ, ಬಂದು ಕಲ್ಲಿನ ಮೇಲೆ ಕೂರುತ್ತೆ, ಅಷ್ಟೇ" ಅಂದ. ಹೂಂ ಅಂದೆ. ಆ ಮಾತನ್ನು ಬರೆದುಕೊಳ್ಳಲಿಲ್ಲ. ದಡ್ಡತನ.

ದಿನ 1, ರಾತ್ರಿ

ಎರಡೇ ಸಾಧ್ಯತೆ. ಸೂಟಿ ಟರ್ನ್ ಅಥವಾ ಬ್ರೈಡಲ್ಡ್ ಟರ್ನ್. ಎರಡೂ ಒಂದೇ ಮನೆಯ ಅಣ್ಣತಮ್ಮಂದಿರ ತರಹ. ಸೂಟಿಯ ಬೆನ್ನು ಕಪ್ಪು, ಬ್ರೈಡಲ್ಡ್‌ನದು ಕಂದು ಬೆರೆತ ಬೂದಿ. ನನ್ನ ಫೋಟೋಗಳಲ್ಲಿ ಬೆನ್ನು ಕಂದಾಗಿ ಕಾಣುತ್ತಿತ್ತು. ಒಂದು ಫೋಟೋದಲ್ಲಂತೂ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋದ ಹಾಗಿತ್ತು. ಬ್ರೈಡಲ್ಡ್ ಅಂತ ತೀರ್ಮಾನ ಮಾಡಿ, ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸೋ ಜಾಲತಾಣ ಇ-ಬರ್ಡ್‌ಗೆ ಹಾಕಿದೆ. ನಮ್ಮ ಜಿಲ್ಲೆಗೆ ಇಲ್ಲದ ಹಕ್ಕಿ ಅಂತ ಅದು ವಿವರಣೆ ಕೇಳಿತು, "ಕಂದು ಬೆನ್ನು, ಬಿಳಿ ಹುಬ್ಬು" ಅಂತ ಎರಡು ಪದಗುಚ್ಛ ಗೀಚಿ ಮಲಗಿದೆ.

ಮಲಗೋ ಮುಂಚೆ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೂ ಒಂದು ಫೋಟೋ ಕಳಿಸಿದ್ದೆ. ಅದು ಎರಡನೇ ತಪ್ಪು.

ದಿನ 2

ಬೆಳಿಗ್ಗೆ ಏಳಕ್ಕೇ ಮೂರು ಕಾರು. ಬಂದವರು ಒಳ್ಳೆಯವರೇ, ಆದರೆ ತೂಬಿನ ಹತ್ತಿರ ಹತ್ತಿರ ಹೋದ ಹಾಗೆಲ್ಲ ಹಕ್ಕಿ ಏಳುತ್ತಿತ್ತು. ದಣಿದ ಹಕ್ಕಿ ಅದು. ಇಪ್ಪತ್ತು ಅಡಿ ಹಾರಿ ಮತ್ತೆ ಅಲ್ಲಿಗೇ ಬಂದು ಕೂರುತ್ತಿತ್ತು. ಕೊನೆಗೆ ಹುಡುಗನೇ ಬಂದು "ಸಾರ್, ಏರಿಯಿಂದಲೇ ನೋಡಿ, ಅದಕ್ಕೂ ಸುಸ್ತಾಗಿದೆ" ಅಂತ ಎಲ್ಲರನ್ನೂ ಹಿಂದೆ ಕಳಿಸಿದ. ನಾನು ಹೇಳಬೇಕಿದ್ದ ಮಾತು ಅದು.

ಗುಂಪಲ್ಲಿ ಜಗಳ ನಡೆದಿತ್ತು. ಒಬ್ಬರು ಮೀಸೆ ರೀವ ಅಂತ, ಇನ್ನೊಬ್ಬರು ಎಡಿಟ್ ಮಾಡಿದ ಫೋಟೋ ಅಂತ. ವಾಟ್ಸಾಪ್ ಫೋಟೋವನ್ನು ಹಿಂಡಿ ಕುಗ್ಗಿಸಿಬಿಡುತ್ತೆ, ಒಳಗಿರುವ ಸಮಯ, ಕ್ಯಾಮೆರಾ ವಿವರ ಎಲ್ಲ ಹಾರಿಹೋಗುತ್ತೆ, ಹಾಗಾಗಿ ಅವರ ಅನುಮಾನ ತಪ್ಪು ಅನ್ನೋಕೂ ಆಗಲ್ಲ.

ದಿನ 3

ಹಕ್ಕಿ ಇಲ್ಲ. ಸೋಮವಾರ ಸಂಜೆವರೆಗೂ ಇತ್ತಂತೆ. ಏರಿಯ ಜಾಲಿ ಪೊದೆ, ಕೋಡಿ ಹತ್ತಿರದ ಹುಲ್ಲು, ತೂಬಿನ ಕೆಳಗೆ ಎಲ್ಲ ಒಂದೂವರೆ ಗಂಟೆ ಹುಡುಕಿದೆ. ಸತ್ತು ಬಿದ್ದಿದ್ದರೆ ಮುಟ್ಟದೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಹೇಳೋಣ ಅಂತಿದ್ದೆ. ಏನೂ ಸಿಗಲಿಲ್ಲ. ಹುಡುಕಿದೆ, ಸಿಗಲಿಲ್ಲ ಅನ್ನೋದನ್ನೂ ಬರೆದಿಟ್ಟೆ.

ದಿನ 6

ಇ-ಬರ್ಡ್‌ನಲ್ಲಿ ದಾಖಲೆ ಪರಿಶೀಲಿಸೋ ಸ್ವಯಂಸೇವಕರಿಂದ ಮೇಲ್. ಮರ್ಯಾದೆಯ ಮೇಲ್, ಆದರೆ ಎರಡು ಪ್ರಶ್ನೆ. ಒಂದು, ರೆಕ್ಕೆಯ ಅಡಿಭಾಗ ಕಾಣುವ ಫೋಟೋ ಇದೆಯಾ? ಎರಡು, ಬೆಳಿಗ್ಗೆ ನೋಡಿದೆ ಅಂತೀರಿ, ಫೋಟೋದಲ್ಲಿ ಸಂಜೆ 7:22 ಅಂತಿದೆಯಲ್ಲ?

ಎದೆ ಧಸಕ್ ಅಂತು. ಜುಲೈ ತಿಂಗಳಲ್ಲಿ ಸಂಜೆ 7:22ಕ್ಕೆ ಇಲ್ಲಿ ಕತ್ತಲು. ಕ್ಯಾಮೆರಾ ತೆಗೆದು ನೋಡಿದರೆ ಗಡಿಯಾರ ಹನ್ನೆರಡು ಗಂಟೆ ಆಚೀಚೆ. ಹಿಂದೊಮ್ಮೆ ಬ್ಯಾಟರಿ ಪೂರ್ತಿ ಸತ್ತಾಗ ಮತ್ತೆ ಸಮಯ ಹಾಕಿದ್ದೆ, ಎ.ಎಂ. ಪಿ.ಎಂ. ಅದಲುಬದಲು. ತಕ್ಷಣ ಸರಿ ಮಾಡೋಕೆ ಬೆರಳು ಹೋಯಿತು, ಪುಣ್ಯಕ್ಕೆ ನಿಲ್ಲಿಸಿದೆ. ಸರಿ ಮಾಡಿಬಿಟ್ಟಿದ್ದರೆ ತಪ್ಪಿತ್ತು ಅನ್ನೋದಕ್ಕೂ ಸಾಕ್ಷಿ ಇರುತ್ತಿರಲಿಲ್ಲ. ಮೊಬೈಲ್ ಗಡಿಯಾರವನ್ನು ಸೆಕೆಂಡ್ ಕಾಣುವ ಹಾಗಿಟ್ಟು ಅದೇ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದೆ. ಎರಡರ ನಡುವಿನ ವ್ಯತ್ಯಾಸ ಈಗ ಒಂದೇ ಚಿತ್ರದಲ್ಲಿದೆ. ಅದನ್ನು ಕಳಿಸಿ, ಆಮೇಲೆ ಗಡಿಯಾರ ಸರಿ ಮಾಡಿದೆ.

ದಿನ 7

143 ಫೋಟೋ ಮತ್ತೆ ಮೊದಲಿಂದ. ನಾನು ಚೆನ್ನಾಗಿದೆ ಅಂತ ಎತ್ತಿಟ್ಟಿದ್ದವೆಲ್ಲ ಹಕ್ಕಿ ಕೂತಿರುವ ಫೋಟೋ. ಕಸ ಅಂತ ಬಿಟ್ಟಿದ್ದರಲ್ಲಿ ಆರು ಹಾರುವ ಫೋಟೋ ಸಿಕ್ಕವು. ಮಸುಕು, ಓರೆ, ಒಂದರಲ್ಲಿ ತಲೆಯೇ ಇಲ್ಲ. ಆದರೆ ರೆಕ್ಕೆಯ ಅಡಿ ಕಾಣುತ್ತೆ: ಒಳಭಾಗ ಬೆಳ್ಳಗೆ, ಹೊರಗಿನ ದೊಡ್ಡ ಗರಿಗಳೆಲ್ಲ ಕಡುಗಪ್ಪು, ನಡುವೆ ಕತ್ತರಿಸಿದ ಹಾಗೆ ಗೆರೆ. ಅದು ಸೂಟಿ. ಬ್ರೈಡಲ್ಡ್‌ನಲ್ಲಿ ಆ ಗರಿಗಳ ಬುಡ ಬೆಳ್ಳಗಿದ್ದು, ಬಿಳುಪು ನಿಧಾನಕ್ಕೆ ಕರಗುತ್ತೆ, ಇಷ್ಟು ಖಡಕ್ಕಾಗಿ ನಿಲ್ಲಲ್ಲ.

ಹಾಗಾದರೆ ಕಂದು ಬೆನ್ನು? ಮೋಡದ ಬಿಳಿ ಆಕಾಶ ಹಿಂದಿತ್ತು, ಹಕ್ಕಿ ಕಪ್ಪಗೆ ಕಾಣುತ್ತೆ ಅಂತ ನಾನೇ ಬೆಳಕು ಏರಿಸಿದ್ದೆ. ಕಪ್ಪು ಕಂದಾಯಿತು. ಏರಿಸದ ಮೊದಲ ಮೂರು ಫೋಟೋದಲ್ಲಿ ಬೆನ್ನು ಇದ್ದಿಲಿನ ಹಾಗಿದೆ. ಹುಬ್ಬಿನ ಕಥೆಯೂ ಅಷ್ಟೇ. ಹಣೆಯ ಬಿಳಿ ಅಗಲವಾಗಿದೆ, ಕಣ್ಣಿನ ಮೇಲೆ ಬಂದು ಅಲ್ಲಿಗೇ ನಿಲ್ಲುತ್ತೆ. ನನ್ನ ಮೆಚ್ಚಿನ ಆ ಒಂದು ಫೋಟೋದಲ್ಲಿ ಕಣ್ಣಿನ ಹಿಂದೆ ಒದ್ದೆ ಗರಿ ಮಿಂಚಿತ್ತು, ಅದನ್ನೇ ಹುಬ್ಬು ಅಂದುಕೊಂಡಿದ್ದೆ. ಬೇರೆ ಹನ್ನೊಂದು ಫೋಟೋದಲ್ಲಿ ಅದು ಇಲ್ಲವೇ ಇಲ್ಲ. ಕತ್ತಿನ ಹಿಂದೆ ತಲೆಯ ಕಪ್ಪಿಗೂ ಬೆನ್ನಿಗೂ ನಡುವೆ ತಿಳಿ ಪಟ್ಟಿ ಇರಬೇಕಿತ್ತು, ಬ್ರೈಡಲ್ಡ್ ಆಗಿದ್ದರೆ. ಅದೂ ಇಲ್ಲ.

ಹೆಸರು ಬದಲಾಯಿಸಿದೆ. ಹಳೆಯ ವಿವರಣೆ ಅಳಿಸಲಿಲ್ಲ, ಮೊದಲು ಏನಂದುಕೊಂಡಿದ್ದೆ, ಯಾಕೆ ತಪ್ಪಿತು ಅಂತ ಅದರ ಕೆಳಗೆ ಬರೆದೆ. ಆರು ಕೆಟ್ಟ ಫೋಟೋವನ್ನೂ ಸುಮ್ನೆ ಕತ್ತರಿಸಿ, ಬಣ್ಣ ಮುಟ್ಟದೆ ಹಾಕಿದೆ. ನಾಚಿಕೆ ಆಗುತ್ತೆ, ಏನು ಮಾಡೋದು.

ಆಗ ನೆನಪಾಗಿದ್ದು ಹುಡುಗನ ಮಾತು. ಸೂಟಿ ಟರ್ನ್‌ನ ಗರಿ ನೀರು ತಡೆಯೋದು ಕಡಿಮೆ, ಅದಕ್ಕೇ ಅದು ನೀರಿನ ಮೇಲೆ ಕೂತು ವಿಶ್ರಾಂತಿ ತಗೊಳ್ಳಲ್ಲ. ಕಡಲ ಮೇಲೆ ತಿಂಗಳುಗಟ್ಟಲೆ ಹಾರುತ್ತಲೇ ಇರುತ್ತೆ. ಗೂಡು ಬಿಟ್ಟ ಮರಿ ಮತ್ತೆ ನೆಲ ಮುಟ್ಟೋಕೆ ವರ್ಷಗಳೇ ಹಿಡಿಯುತ್ತೆ. ಅಂಥ ಹಕ್ಕಿ ನಮ್ಮ ತೂಬಿನ ಕಲ್ಲಿನ ಮೇಲೆ ಎರಡು ದಿನ ಕೂತಿತ್ತು ಅಂದರೆ ಎಷ್ಟು ಸೋತಿರಬೇಡ.

ದಿನ 11

ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ಲಕ್ಷದ್ವೀಪದ ಪಿಟ್ಟಿ ದ್ವೀಪದಲ್ಲಿ ಇವು ಮೊಟ್ಟೆ ಇಡುತ್ತವೆ, ಇಲ್ಲಿಂದ ಅಂದಾಜು 500 ಕಿಲೋಮೀಟರ್. ಬರೀ ಮರಳಿನ ದಿಬ್ಬ ಅದು, ಮರವೂ ಇಲ್ಲ, ಜನವೂ ಇಲ್ಲ. ಮುಂಗಾರಿನ ಗಾಳಿಗೆ ಸಿಕ್ಕ ಕಡಲ ಹಕ್ಕಿಗಳು ದಕ್ಷಿಣ ಕನ್ನಡ, ಉಡುಪಿ ದಡದಲ್ಲಿ ಸುಸ್ತಾಗಿ ಬಿದ್ದಿರೋದು ಹೊಸದೇನಲ್ಲ. ಅದೇ ಗಾಳಿ ಇದನ್ನು ಘಟ್ಟ ಹತ್ತಿಸಿರಬಹುದು. ಆದರೆ ಎಲ್ಲಿಯ ಹಕ್ಕಿ ಅಂತ ಗುರುತಿಗೆ ಹಾಕುವ ಉಂಗುರ ಕಾಲಲ್ಲಿ ಇರಲಿಲ್ಲ. ಹಾಗಾಗಿ ಟಿಪ್ಪಣಿಯಲ್ಲಿ ಹಿಂದಿನ ಎರಡು ದಿನದ ಗಾಳಿ ಮಳೆ ಬರೆದೆ, ಪಿಟ್ಟಿ ಹೆಸರು ಬರೆಯಲಿಲ್ಲ.

ದಿನ 19

ದಾಖಲೆ ಒಪ್ಪಿಗೆಯಾಯಿತು. ಖುಷಿಗೆ ಹುಡುಗನಿಗೆ ಹೇಳೋಣ ಅಂತ ಕೆರೆಗೆ ಹೋದೆ. ಟೀ ಕುಡಿಯುತ್ತಾ "ಅಣ್ಣ, ನನ್ ಹತ್ರಾನೂ ಒಂದೈತೆ" ಅಂತ ಮೊಬೈಲ್ ತೆಗೆದ. ಕೆರೆಗೆ ನೀರು ಬರ್ತಿದೆ ಅಂತ ಸ್ಟೇಟಸ್‌ಗೆ ಹಾಕೋಕೆ ಮಾಡಿದ್ದ ವಿಡಿಯೋ. ಕೆಂಪು ನೀರು, ಅವನ ಅಳಿಯನ ಕೂಗಾಟ, ಮತ್ತೆ ನಾಲ್ಕು ಸೆಕೆಂಡ್, ಎಡದಿಂದ ಬಲಕ್ಕೆ, ಕಪ್ಪು ಬೆನ್ನು, ಕವಲು ಬಾಲ. ದಿನಾಂಕ ನೋಡಿದರೆ ಶನಿವಾರ ಸಂಜೆ 5:40. ನಾನು ನೋಡೋದಕ್ಕೆ ಹಿಂದಿನ ದಿನ!

ಈಗ ಮೊದಲು ಕಂಡ ದಿನಾಂಕ ತಿದ್ದಬೇಕು. ವಿಡಿಯೋವನ್ನು ವಾಟ್ಸಾಪ್‌ನಲ್ಲಿ ಬೇಡ, ಕೇಬಲ್ ತರ್ತೀನಿ ಅಂತ ಹೇಳಿದ್ದೀನಿ. ನೀರಿಗೆ ಕೂರಲ್ಲ ಅಂದ ಮಾತೂ ಟಿಪ್ಪಣಿಗೆ ಸೇರಬೇಕು. ಮೊದಲು ನೋಡಿದವರು ಅನ್ನೋ ಕಡೆ ನಿನ್ನ ಹೆಸರು ಹಾಕ್ತೀನಿ, ಹೇಗೆ ಬರೀಲಿ ಅಂತ ಕೇಳಿದೆ. "ಆಧಾರ್‌ನಲ್ಲಿ ಇರೋ ತರಾನೇ ಬರ್ಕೊಳ್ಳಿ, ಆಮೇಲೆ ತೊಂದ್ರೆ ಆಗ್ಬಾರ್ದು" ಅಂದ.