ಈಗ ಖುಷಿನಾ?

"ಈಗ ಖುಷಿನಾ?" ಅಂತ ಕೇಳಿದ್ದು ಗೆಳತಿಯ ಚಿಕ್ಕಪ್ಪ. ಪ್ರೀತಿಯಿಂದಲೇ ಕೇಳಿದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಗೊತ್ತಿಲ್ಲ ಚಿಕ್ಕಪ್ಪ, ಏನೂ ಅನ್ನಿಸ್ತಾ ಇಲ್ಲ" ಅಂದಳು.

ಅವಳಿಗೆ ಕೆಲಸ ಸಿಕ್ಕಿತ್ತು, ಮನೆ ತುಂಬಾ ಜನ. ವರ್ಷಗಟ್ಟಲೆ ಓದಿ, ಪರೀಕ್ಷೆಯಲ್ಲಿ ಬಿದ್ದು, ಮತ್ತೆ ಓದಿ ಕೊನೆಗೂ ಪಡೆದ ಕೆಲಸ ಅದು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಅವಳ ಅಣ್ಣ ಕೇಳಿಬಿಟ್ಟ: "ನಿನಗೇನು ಕಮ್ಮಿ ಆಗಿದೆ ಈಗ?"

"ಏನೂ ಕಮ್ಮಿ ಆಗಿಲ್ಲ. ಅದಕ್ಕೇ ಭಯ ಆಗ್ತಿರೋದು."

ಈ ಉತ್ತರವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಯಾರೋ ಫೋನ್ ಎತ್ತಿ "ನಗು, ನಗು" ಅಂದರು, ಅವಳು ನಕ್ಕಳು. ರಾತ್ರಿ ಹೊತ್ತಿಗೆ ಆ ಫೋಟೊ ಎಲ್ಲರ ಫೋನಿನಲ್ಲೂ ಇತ್ತು, ಕೆಳಗೆ ಸಾಲು ಸಾಲು ಅಭಿನಂದನೆ. ಅವಳ ನಗು ಚೆನ್ನಾಗಿಯೇ ಬಂದಿತ್ತು. ಅದಕ್ಕೇ ನನಗೆ ಜಾಸ್ತಿ ಸಂಕಟ ಆಯಿತು.

ಅಣ್ಣ ಕೆಟ್ಟವನಲ್ಲ. ಅವಳ ಫೀಸು ಕಟ್ಟಿದವನು ಅವನು. ಫಲಿತಾಂಶದ ದಿನ ಅವಳಿಗಿಂತ ಜಾಸ್ತಿ ನಡುಗಿದವನೂ ಅವನೇ. ತಾನು ಪಟ್ಟ ಪಾಡೆಲ್ಲ ನೀರಲ್ಲಿ ಹೋಯಿತೇನೋ ಅಂತ ಅವನಿಗೆ ಅನ್ನಿಸಿರಬೇಕು. ಆದರೂ ಆ ಪ್ರಶ್ನೆ ನನಗೆ ಇವತ್ತಿಗೂ ಸರಿ ಅನ್ನಿಸುತ್ತಿಲ್ಲ. ಏನು ಕಮ್ಮಿ ಅಂತ ಕೇಳಿದಾಗ ನಾವು ಒಬ್ಬರ ಮನಸ್ಸಿನ ಬಗ್ಗೆ ಕೇಳುತ್ತಿರುವುದಿಲ್ಲ, ಅವರ ಹತ್ತಿರ ಏನೇನಿದೆ ಅಂತ ಎಣಿಸುತ್ತಿರುತ್ತೇವೆ. ಎಣಿಸಿ ಮುಗಿದ ಮೇಲೆ, ಇಷ್ಟೆಲ್ಲ ಇದ್ದೂ ಬೇಜಾರು ಮಾಡಿಕೊಳ್ಳಲು ನಿನಗೆ ಹಕ್ಕಿಲ್ಲ ಅಂತ ತೀರ್ಪು ಕೊಟ್ಟುಬಿಡುತ್ತೇವೆ. ಪಾಪ, ಮೊದಲೇ ಏನೂ ಅನ್ನಿಸದೆ ಕಂಗಾಲಾದವಳಿಗೆ ಈಗ ಅಪರಾಧಿ ಭಾವನೆ ಬೇರೆ.

ದೇಶಗಳ ಸಂತೋಷ ಅಳೆಯುವ ವರದಿ 2012ರಿಂದ ಬರುತ್ತಿದೆ ಅಲ್ವಾ, 2018ರಿಂದ 2025ರವರೆಗೆ ಪ್ರತಿ ಸಲವೂ ಫಿನ್ಲೆಂಡ್ ಮೊದಲು ಬಂದಿದ್ದು? ಅಲ್ಲಿ ದೇಶಗಳ ಸ್ಥಾನ ನಿರ್ಧರಿಸುವ ಪ್ರಶ್ನೆ "ನೀವು ಖುಷಿಯಾಗಿದ್ದೀರಾ" ಅಂತ ಅಲ್ಲವೇ ಅಲ್ಲ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲಿರುವ ಒಂದು ಏಣಿ ಊಹಿಸಿಕೊಳ್ಳಿ, ತುದಿಯಲ್ಲಿ ನಿಮಗೆ ಸಾಧ್ಯವಿರುವ ಅತಿ ಒಳ್ಳೆಯ ಬದುಕು, ತಳದಲ್ಲಿ ಅತಿ ಕೆಟ್ಟದ್ದು, ಈಗ ನೀವು ಯಾವ ಮೆಟ್ಟಿಲ ಮೇಲಿದ್ದೀರಿ ಅಂತ ಕೇಳುತ್ತಾರೆ. ಗೆಳತಿಯನ್ನು ಕೇಳಿದ್ದರೆ ಎಂಟು ಅನ್ನುತ್ತಿದ್ದಳೇನೋ. ಸುಳ್ಳಲ್ಲ ಅದು. ಬದುಕು ಚೆನ್ನಾಗಿದೆ ಅಂತ ಅವಳಿಗೂ ಗೊತ್ತು. ಆದರೆ ಬದುಕು ಚೆನ್ನಾಗಿದೆ ಅಂತ ತಿಳಿಯುವುದು ಬೇರೆ, ಬೆಳಗ್ಗೆ ಎದ್ದಾಗ ಮನಸ್ಸು ಹಗುರಾಗಿರುವುದು ಬೇರೆ. ಸ್ವೀಡನ್ನಿನಲ್ಲಿ ದೊಡ್ಡ ಲಾಟರಿ ಗೆದ್ದವರ ಬಗ್ಗೆ 2020ರಲ್ಲಿ ಒಂದು ಅಧ್ಯಯನ ಬಂತು. ಗೆದ್ದವರಿಗೆ ತಮ್ಮ ಬದುಕಿನ ಬಗ್ಗೆ ಇದ್ದ ತೃಪ್ತಿ ಹೆಚ್ಚಿತ್ತು, ಅದು ಹತ್ತು ವರ್ಷ ದಾಟಿದರೂ ಉಳಿದಿತ್ತು. ಆದರೆ ಖುಷಿ, ಮಾನಸಿಕ ಆರೋಗ್ಯ ಅಂತ ಬೇರೆಯಾಗಿ ಕೇಳಿದಾಗ ವ್ಯತ್ಯಾಸ ಅದಕ್ಕಿಂತ ಸಣ್ಣದು. ಹಾಗಾಗಿ ದುಡ್ಡಿನಿಂದ ಏನೂ ಬರುವುದಿಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ದುಡ್ಡಿನಿಂದ ಬರುವುದು ಬರುತ್ತದೆ. ಕೆಲಸದಿಂದಲೂ ಬರುತ್ತದೆ. ಗೆಳತಿಗೆ ಬರಲಿಲ್ಲ ಅನ್ನಿಸಿದ್ದು ಇನ್ನೊಂದು.

ಅದು ಯಾಕೆ ಬರಲಿಲ್ಲ ಅಂತ ಯೋಚಿಸುತ್ತಾ ಕೂತಾಗ ಹಿಂದೆ ಓದಿದ್ದು ನೆನಪಾಯಿತು. ಕೆಂಟ್ ಬೆರಿಜ್ ಅಂತ ಅಮೆರಿಕದ ವಿಜ್ಞಾನಿ ಇಲಿಗಳ ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಹೆಚ್ಚುಕಮ್ಮಿ ಇಲ್ಲವಾಗುವ ಹಾಗೆ ಮಾಡಿ ನೋಡಿದರು. ಆ ಇಲಿಗಳು ಎದುರಿಗೇ ಆಹಾರ ಇದ್ದರೂ ಹೋಗಿ ತಿನ್ನಲಿಲ್ಲ. ಆದರೆ ಸಿಹಿಯನ್ನು ಬಾಯಿಗೆ ಹಾಕಿದಾಗ ಮೊದಲಿನ ಹಾಗೇ ಚಪ್ಪರಿಸಿದವು. ಅಂದರೆ ಬೇಕು ಅನ್ನಿಸುವುದು ಮತ್ತು ಹಿತ ಅನ್ನಿಸುವುದು ಎರಡೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಒಂದು ಇಲ್ಲದೆ ಇನ್ನೊಂದು ಇರಬಹುದು. ಇದನ್ನು ಮನುಷ್ಯರ ಕೆಲಸ, ಪರೀಕ್ಷೆಗೆ ನೇರವಾಗಿ ಅಂಟಿಸಲು ನಾನು ವಿಜ್ಞಾನಿ ಅಲ್ಲ. ಆದರೆ ಒಂದು ಮಾತಂತೂ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಅಷ್ಟು ಬೇಕು ಬೇಕು ಅಂದಿದ್ದಳು, ಸಿಕ್ಕ ಮೇಲೆ ಕುಣಿಯಬೇಕಿತ್ತು ಅನ್ನುವ ಲೆಕ್ಕವೇ ತಪ್ಪು. ಎಷ್ಟು ಬೇಕಿತ್ತೋ ಅಷ್ಟೇ ಖುಷಿ ಸಿಗುತ್ತದೆ ಅಂತ ಯಾರೂ ಅವಳಿಗೆ ಬರೆದುಕೊಟ್ಟಿರಲಿಲ್ಲ. ನಾವೆಲ್ಲ ಸೇರಿ ಹಾಗೆ ನಂಬಿಸಿದ್ದೆವು ಅಷ್ಟೇ.

ಎಲ್ಲರೂ ಅವಳ ಮುಖ ನೋಡುತ್ತಿದ್ದರು ಅಂದೆನಲ್ಲ, ಅದೂ ಸಣ್ಣ ಸಂಗತಿ ಅಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರಿಗೆ ಸ್ಟ್ರಾವಿನ್ಸ್ಕಿಯ ಸಂಗೀತ ಕೇಳಿಸಿದರು. ಕೆಲವರಿಗೆ ಸುಮ್ನೆ ಕೇಳಿ ಅಂದರು, ಕೆಲವರಿಗೆ ಕೇಳುತ್ತಾ ಆದಷ್ಟು ಖುಷಿಪಡಲು ಪ್ರಯತ್ನ ಮಾಡಿ ಅಂದರು. ಪ್ರಯತ್ನ ಮಾಡಿದವರ ಮನಸ್ಸು ಸುಮ್ನೆ ಕೇಳಿದವರಿಗಿಂತ ಕೆಳಗಿಳಿದಿತ್ತು. ಖುಷಿ ಆಯಿತಾ, ಈಗ ಆಯಿತಾ ಅಂತ ಒಳಗೇ ಇಣುಕುತ್ತಾ ಕೂತರೆ ಸಂಗೀತ ಕೇಳುವವರು ಯಾರು? ಗೆಳತಿಗೆ ಆ ದಿನ ಹೊರಗಿನಿಂದ ಇಣುಕುವವರೂ ಒಂದು ಮನೆ ತುಂಬಾ ಇದ್ದರು.

"ಈಗ ಖುಷಿನಾ?" ಅನ್ನುವ ಪ್ರಶ್ನೆಯನ್ನು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ ತನಗೆ ತಾನೇ ಕೇಳಿಕೊಂಡಿದ್ದ. 1826ರಲ್ಲಿ, ಇಪ್ಪತ್ತರ ಹುಡುಗ. ಸಮಾಜವನ್ನು ಸುಧಾರಿಸಬೇಕು ಅಂತಲೇ ಬೆಳೆಸಿದ್ದರು ಅವನನ್ನು. ನೀನು ಬಯಸಿದ ಬದಲಾವಣೆಗಳೆಲ್ಲ ಈ ಕ್ಷಣವೇ ಆಗಿಬಿಟ್ಟರೆ ನಿನಗೆ ದೊಡ್ಡ ಸಂತೋಷ ಆಗುತ್ತದಾ ಅಂತ ಕೇಳಿಕೊಂಡ. ಇಲ್ಲ ಅಂತ ಒಳಗಿನಿಂದ ಉತ್ತರ ಬಂತು, ಅಲ್ಲಿಗೆ ಕುಸಿದುಹೋದ. ತಿಂಗಳುಗಟ್ಟಲೆ ಯಾರಿಗೂ ಹೇಳಿಕೊಳ್ಳಲಿಲ್ಲ. 1873ರಲ್ಲಿ, ತೀರಿಕೊಂಡ ವರ್ಷವೇ ಹೊರಬಂದ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾನೆ. ಸಂತೋಷವನ್ನೇ ಗುರಿ ಮಾಡಿಕೊಂಡವರಿಗಿಂತ, ಇನ್ನೊಬ್ಬರ ಒಳಿತಿನಲ್ಲೋ, ಒಂದು ಕಲೆಯಲ್ಲೋ, ಒಂದು ಕೆಲಸದಲ್ಲೋ ಮನಸ್ಸಿಟ್ಟವರಿಗೆ ಅದು ದಾರಿಯಲ್ಲೇ ಸಿಗುತ್ತದೆ ಅಂತ ಅವನಿಗೆ ಆಮೇಲೆ ಹೊಳೆಯಿತು. ಗಮನಿಸಿ, ಅವನಿಗೂ ಏನೂ ಕಮ್ಮಿ ಇರಲಿಲ್ಲ. ಅವನ ಮನೆಯಲ್ಲೂ ಒಬ್ಬ ಅಣ್ಣ ಇದ್ದಿದ್ದರೆ ಅದೇ ಪ್ರಶ್ನೆ ಕೇಳುತ್ತಿದ್ದನೇನೋ.

ಎರಡು ದಿನ ಬಿಟ್ಟು ನಾನು ಅವಳಿಗೆ ಫೋನ್ ಮಾಡಿದೆ. ಖುಷಿ ಬಗ್ಗೆ ಮಾತೇ ಎತ್ತಲಿಲ್ಲ. ಈ ವರ್ಷಗಳಲ್ಲಿ ಯಾವ ಹೊತ್ತು ಚೆನ್ನಾಗಿತ್ತು ಹೇಳು ಅಂದೆ. ತಡಮಾಡದೆ ಹೇಳಿದಳು. "ಲೈಬ್ರರಿಲಿ ನಾವು ನಾಲ್ಕು ಜನ ಲೆಕ್ಕ ಬಿಡಿಸ್ತಾ ಕೂತಿರ್ತಿದ್ವಲ್ಲ, ಒಬ್ಬರದು ತಪ್ಪು ಅಂತ ಇನ್ನೊಬ್ಬರು ಜಗಳ ಆಡ್ತಾ. ಹೊತ್ತು ಹೋಗಿದ್ದೇ ಗೊತ್ತಾಗ್ತಿರಲಿಲ್ಲ. ಈಗ ಅದು ಮುಗೀತು ಅಲ್ವಾ." ಆಮೇಲೆ ತುಂಬಾ ಹೊತ್ತು ಅದರ ಬಗ್ಗೆಯೇ ಮಾತಾಡಿದಳು. ಆ ದಿನ ಮನೆಯಲ್ಲಿ ಅವಳ ದನಿ ಹೀಗಿರಲಿಲ್ಲ.

ಹಾಗಾದರೆ ಅವಳು ಕಳೆದುಕೊಂಡದ್ದು ಇತ್ತು! ಅಣ್ಣನ ಎಣಿಕೆಗೆ ಸಿಗದೆ ಹೋಗಿದ್ದು ಅದು. ಗೆದ್ದ ದಿನವೇ ಆ ನಾಲ್ವರ ಗುಂಪು ಒಡೆಯಿತು, ಬೆಳಗ್ಗೆ ಎದ್ದು ಹೋಗುವ ಜಾಗ ಹೋಯಿತು. ಅವಳು ದುಃಖಪಡಬೇಕಾದ ದಿನ ನಾವು ಅವಳಿಂದ ನಗು ಕೇಳುತ್ತಿದ್ದೆವು.

ಇನ್ನೊಂದು ಮಾತನ್ನೂ ಅವಳಿಗೆ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಹೆಚ್ಚುಕಮ್ಮಿ ದಿನವಿಡೀ, ದಿನಾ ದಿನಾ ಎರಡು ವಾರ ನಡೆದರೆ ಅದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು. ಆಗ ಗೆಳತಿಯ ಫೋನು ಸಾಲದು, ಡಾಕ್ಟರ ಹತ್ತಿರ ಹೋಗಬೇಕು. ಅಲ್ಲಿಯೂ ನಿನಗೇನು ಕಮ್ಮಿ ಅಂತ ಕೇಳುವವರು ಸಿಕ್ಕರೆ ಬೇರೆ ಡಾಕ್ಟರನ್ನು ನೋಡಬೇಕು. ಅವಳು ಹೂಂ ಅಂದಿದ್ದಾಳೆ.

ಸದ್ಯಕ್ಕೆ ಅವಳು ಮಾಡಿರುವುದು ಇಷ್ಟೇ. ಉಳಿದ ಮೂವರಲ್ಲಿ ಒಬ್ಬಳು ಇನ್ನೂ ಅದೇ ಪರೀಕ್ಷೆಗೆ ಓದುತ್ತಿದ್ದಾಳೆ. ಭಾನುವಾರ ಅವಳ ಜೊತೆ ಕೂತು ಲೆಕ್ಕ ಮಾಡುತ್ತೇನೆ ಅಂತ ಗೆಳತಿ ಹೊರಟಿದ್ದಾಳೆ. ಕೆಲಸ ಸಿಕ್ಕ ಮೇಲೆ ಇನ್ನೂ ಯಾಕೆ ಆ ಪುಸ್ತಕ ಅಂತ ಅಣ್ಣ ಗೊಣಗಿದನಂತೆ. ಅವನ ಜೊತೆ ನಾನು ಒಂದ್ಸಲ ಕೂತು ಮಾತಾಡಬೇಕು.