ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಿನ ನಡಿಗೆ

ಮನೆಯಿಂದ ನಾಲ್ಕು ತಾಸು. ಅದಕ್ಕಿಂತ ದೂರದ ಯಾವ ದಾರಿಯನ್ನೂ ಪಟ್ಟಿಗೆ ಸೇರಿಸುವುದು ಬೇಡ ಎಂದು ಮಗಳು ಮೊದಲೇ ಷರತ್ತು ಹಾಕಿದ್ದಳು. ಹುಬ್ಬಳ್ಳಿಯಲ್ಲಿ ಶುಕ್ರವಾರ ಸಂಜೆ ಕೆಲಸ ಮುಗಿಸಿ ಹೊರಟವರು ಅಂದೇ ರಾತ್ರಿ ತಲುಪಬೇಕು, ಭಾನುವಾರ ರಾತ್ರಿ ಮನೆಯ ಹಾಸಿಗೆಯಲ್ಲಿ ಮಲಗಬೇಕು, ನಡುವಿನ ಹೊತ್ತೆಲ್ಲ ನಡಿಗೆಗೇ ಮೀಸಲಾಗಬೇಕು. ಷರತ್ತು ನನಗೂ ಹಿಡಿಸಿತು. ಹಿಮಾಲಯದ ಚಾರಣಕ್ಕೆಂದು ವರ್ಷವಿಡೀ ರಜೆ ಕೂಡಿಡುವವರನ್ನು ಬಲ್ಲೆ, ಅವರ ಬಗ್ಗೆ ಗೌರವವೂ ಇದೆ. ಆದರೆ ದೀರ್ಘ ನಡಿಗೆಯ ರುಚಿ ಹತ್ತಬೇಕಾದರೆ ಮತ್ತೆ ಮತ್ತೆ ಹೋಗಲು ಬರುವ ದಾರಿ ಬೇಕು. ಮಳೆಗಾಲ ಕಳೆದ ಕೂಡಲೇ ಒಮ್ಮೆ, ಬಿಸಿಲು ಬಲಿಯುವ ಮುನ್ನ ಇನ್ನೊಮ್ಮೆ ಹೋಗಿ, ಎಲ್ಲಿ ಏನು ಬದಲಾಗಿದೆ ಎಂದು ನೋಡುವಷ್ಟು ಹತ್ತಿರದ ದಾರಿ.

ನಮ್ಮ ಊರಿನ ಹುಡುಗರ ಬಾಯಲ್ಲಿ ಮೊದಲು ಬರುವ ಹೆಸರು ಕ್ಯಾಸಲ್‌ರಾಕ್. ಅಲ್ಲಿಂದ ಗೋವಾದ ಕುಳೆಂ ಕಡೆಗೆ ಘಟ್ಟ ಇಳಿಯುವ ರೈಲು ಹಳಿಯ ಗುಂಟ ದೂಧಸಾಗರ ಜಲಪಾತದವರೆಗೆ ನಡೆಯುವುದು ಒಂದು ಕಾಲಕ್ಕೆ ಹರೆಯದವರ ದೀಕ್ಷೆಯೇ ಆಗಿತ್ತು. ಆ ಹಳಿ 37 ಅಡಿಗೆ ಒಂದು ಅಡಿಯಂತೆ ಇಳಿಯುತ್ತದೆ, ಸುರಂಗದ ಮೇಲೆ ಸುರಂಗ ಬರುತ್ತದೆ, ಎದುರಿನಿಂದ ಗಾಡಿ ಬಂದರೆ ಸರಿದು ನಿಲ್ಲಲು ಎಷ್ಟೋ ಕಡೆ ಜಾಗವಿರುವುದಿಲ್ಲ. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಆ ನಿಷೇಧ ಸರಿಯಾದದ್ದೇ, ಆದ್ದರಿಂದ ಕ್ಯಾಸಲ್‌ರಾಕ್ ಪಟ್ಟಿಯಿಂದ ಹೊರಗೆ. ದಾಂಡೇಲಿ-ಅಣಶಿಯ ಕಾಡು ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಮನಸ್ಸಿಗೆ ಬಂದಂತೆ ನಡೆಯಲು ಬಿಡುವುದಿಲ್ಲ, ಬಿಡಲೂಬಾರದು. ಕುಮಾರಪರ್ವತ, ಕುದುರೆಮುಖ ಎರಡೂ ನಮ್ಮ ನಾಲ್ಕು ತಾಸಿನ ಗೆರೆಯ ಆಚೆ ಉಳಿದವು. ಹಂಪಿಯಿಂದ ಹೊಳೆ ದಾಟಿ ಆನೆಗೊಂದಿಯ ಬಂಡೆಗಳ ನಡುವೆ ಸುತ್ತುವ ದಾರಿಯ ಬಗ್ಗೆ ಮಾತ್ರ ಬಹಳ ಹೊತ್ತು ಚರ್ಚೆ ನಡೆಯಿತು. ಆದರೆ ಹಂಪಿಯಲ್ಲಿ ಹೆಜ್ಜೆಗೊಂದು ಮಂಟಪ ಕೈ ಹಿಡಿದು ನಿಲ್ಲಿಸುತ್ತದೆ. ಅದು ನೋಡುವ ಊರು. ನಮಗೆ ಕಾಲು ತನ್ನ ಲಯ ಹಿಡಿದು ಗಂಟೆಗಟ್ಟಲೆ ಸಾಗುವ ದಾರಿ ಬೇಕಿತ್ತು.

ಕೊನೆಗೆ ಉಳಿದದ್ದು ಕುಮಟಾದಿಂದ ಗೋಕರ್ಣದವರೆಗಿನ ಕರಾವಳಿ. ಸುತ್ತುಬಳಸು ಸೇರಿ 25 ಕಿಲೋಮೀಟರಿನ ಆಸುಪಾಸು, ಒಂದು ರಾತ್ರಿ ನಡುವೆ ತಂಗಿದರೆ ಅವಸರವಿಲ್ಲದ ನಡಿಗೆ. ಇಡೀ ದಾರಿಗೆ ಫಲಕವಿಲ್ಲ, ಬಣ್ಣದ ಗುರುತಿಲ್ಲ, ಯಾರೂ ಇದನ್ನು ಚಾರಣಕ್ಕೆಂದು ಕಡಿದು ಮಾಡಿದ್ದಲ್ಲ. ಮೀನುಗಾರರು, ಗದ್ದೆಗೆ ಹೋಗುವವರು, ಗುಡಿಗೆ ಹೋಗುವವರು ದಿನವೂ ತುಳಿಯುವ ಕಾಲುದಾರಿಗಳನ್ನೇ ಒಂದಕ್ಕೊಂದು ಜೋಡಿಸಿಕೊಂಡು ಹೋಗಬೇಕು. ನನಗೆ ಇದೇ ಇದರ ದೊಡ್ಡ ಗುಣ ಎನಿಸಿತು. ಸುಸ್ತಾದರೆ ಒಳಗಿನ ಊರಿಗೆ ತಿರುಗಿ ಬಸ್ಸು ಹಿಡಿಯಬಹುದು. ಕಾರನ್ನು ಕುಮಟಾದಲ್ಲಿ ಬಿಟ್ಟರೆ ಸಾಕು, ಗೋಕರ್ಣದಿಂದ ಕುಮಟಾಕ್ಕೆ ಬಸ್ಸುಗಳಿವೆ. ಹೊಸದಾಗಿ ದೀರ್ಘ ನಡಿಗೆ ಆರಂಭಿಸುವವರಿಗೆ ಶಿಖರಕ್ಕಿಂತ ಇಂಥ ದಾರಿಯನ್ನೇ ಹೇಳುತ್ತೇನೆ.

ಒಂದು ಲೆಕ್ಕ ಮಾತ್ರ ತಪ್ಪಬಾರದು, ಕಡಲಿನ ಉಬ್ಬರ ಇಳಿತದ್ದು. ಮರಳ ದಂಡೆಗಳ ನಡುವೆ ಅಲ್ಲಲ್ಲಿ ಗುಡ್ಡಗಳು ಕಡಲಿಗೆ ಚಾಚಿಕೊಂಡಿವೆ. ಇಳಿತದಲ್ಲಿ ಅವುಗಳ ಬುಡದ ಬಂಡೆಗಳ ಮೇಲೆ ಹಾಯಬಹುದು, ಉಬ್ಬರದಲ್ಲಿ ಗುಡ್ಡ ಹತ್ತಿಯೇ ಇಳಿಯಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಜಾರುತ್ತವೆ. ಆದ್ದರಿಂದ ನಾವು ರಜೆ ನೋಡಿ ದಿನ ಆರಿಸಲಿಲ್ಲ, ಬೆಳಗಿನ ಹೊತ್ತಿಗೆ ಇಳಿತ ಬರುವ ಶನಿವಾರವನ್ನು ಹುಡುಕಿದೆವು. ಅದು ಡಿಸೆಂಬರಿನಲ್ಲಿ ಸಿಕ್ಕಿತು.

ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ಕಾರಿನ ಗಾಜಿಗೆ ತೇವ ಹತ್ತತೊಡಗಿತು. ಬಯಲುಸೀಮೆಯ ಒಣ ಚಳಿಯಿಂದ ಕರಾವಳಿಯ ಸೆಕೆಗೆ ಒಂದೇ ರಾತ್ರಿಯಲ್ಲಿ ಇಳಿಯುವುದು ನಮ್ಮ ಕಡೆಯವರಿಗೆ ಮಾತ್ರ ಸಿಗುವ ಸುಖ.

ಬೆಳಿಗ್ಗೆ ವನ್ನಳ್ಳಿಯಿಂದ ಹೊರಟೆವು. ಕುಮಟಾದ ಸಿಹಿ ಈರುಳ್ಳಿ ಬೆಳೆಯುವುದು ಈ ಸುತ್ತಿನಲ್ಲೇ. ಬೇಸಿಗೆಯಲ್ಲಿ ಹೆದ್ದಾರಿಯ ಬದಿಗೆ ಜಡೆ ಹೆಣೆದು ತೂಗುಹಾಕುತ್ತಾರಲ್ಲ, ಅದೇ ಈರುಳ್ಳಿ. ಭತ್ತ ಕೊಯ್ದ ಗದ್ದೆಯಲ್ಲಿ ಆಗಷ್ಟೇ ಸಸಿ ನೆಡುವ ಕೆಲಸ ನಡೆದಿತ್ತು. ಗದ್ದೆಯಂಚಿನ ಗುಡ್ಡ ಹತ್ತಿದರೆ ಜಂಬಿಟ್ಟಿಗೆ ನೆಲ, ಒಣಗುತ್ತಿದ್ದ ಹುಲ್ಲು, ಕೆಳಗೆ ಕಡಲು. ಹೀಗೆಯೇ ಹತ್ತುವುದು, ಇಳಿಯುವುದು, ಒಂದಷ್ಟು ಮರಳು, ಮತ್ತೆ ಹತ್ತುವುದು. ಕಡ್ಲೆ ದಂಡೆಯಲ್ಲಿ ಗಟ್ಟಿ ಮರಳಿನ ಮೇಲೆ ಬರಿಗಾಲಲ್ಲಿ ನಡೆದೆವು. ಒಣ ಮರಳಿನಲ್ಲಿ ಒಂದು ಕಿಲೋಮೀಟರ್ ನಡೆಯುವುದು ಮೀನಖಂಡಕ್ಕೆ ಎರಡರಷ್ಟು ದಣಿವು ಕೊಡುತ್ತದೆ, ಅಲೆ ಈಗಷ್ಟೇ ಹಿಂದೆ ಸರಿದ ಜಾಗವೇ ನಡೆಯಲು ಮೇಲು.

ಬಂಡೆಗಳ ಸಾಲೊಂದರ ಬಳಿ ಬುಟ್ಟಿ ಹಿಡಿದು ಚಿಪ್ಪು ಕೀಳುತ್ತಿದ್ದ ಹಿರಿಯ ಹೆಂಗಸು ನಮ್ಮ ಬೆನ್ನಿನ ಚೀಲಗಳನ್ನು ನೋಡಿ ಮಗಳನ್ನು ಕೇಳಿದರು:

“ಎಲ್ಲಿಗೆ ಹೊರಟಿದ್ದೀಯೇ ತಂಗಿ?”

“ಗೋಕರ್ಣಕ್ಕೆ, ಅಮ್ಮಾ.”

“ನಡೆದುಕೊಂಡೇ? ಹಾಗಾದರೆ ಇಲ್ಲಿ ನಿಲ್ಲಬೇಡಿ. ಆ ಮುಂದಿನ ಕಲ್ಲುಗಳನ್ನು ನೀರು ಏರುವ ಮುಂಚೆ ದಾಟಿಬಿಡಿ. ಊಟದ ಹೊತ್ತಿಗೆ ಅಲ್ಲಿ ದಾರಿ ಇರುವುದಿಲ್ಲ.”

ನಾವು ಲೆಕ್ಕ ಹಾಕಿಟ್ಟುಕೊಂಡಿದ್ದ ಸಮಯಕ್ಕಿಂತ ಅವರ ಮಾತು ಹೆಚ್ಚು ನಿಖರವಾಗಿತ್ತು. ಯಾವ ಕಲ್ಲು, ಯಾವ ಹೊತ್ತು ಎಂದು ಅವರು ಹೇಳಿದರು, ಮೊಬೈಲು ಹೇಳಿದ್ದು ಬರೀ ಗಂಟೆ. ಅಲ್ಲಿಂದ ಮುಂದೆ ಸಿಕ್ಕವರನ್ನೆಲ್ಲ ಮಾತನಾಡಿಸುತ್ತ ಹೋದೆವು.

ಬಾಡ, ಕಾಗಾಲಗಳ ಕಡೆ ದಂಡೆ ಉದ್ದವಾಗುತ್ತದೆ, ಗಾಳಿಮರ ಮತ್ತು ತೆಂಗಿನ ನೆರಳು ಸಿಗುತ್ತದೆ. ಅಂಗಡಿಯೊಂದರಲ್ಲಿ ಮುರುಗಲು ಹಣ್ಣಿನ ಪಾನಕ ಕುಡಿದೆವು. ಸಂಜೆ ಅಘನಾಶಿನಿ ಊರು ಮುಟ್ಟಿ, ಮೊದಲೇ ಹೇಳಿಟ್ಟಿದ್ದ ಮನೆಯೊಂದರಲ್ಲಿ ಉಳಿದೆವು. ದಂಡೆಯ ಮೇಲೆ ಡೇರೆ ಹಾಕಿ ಮಲಗುವವರು ಇದ್ದಾರೆ. ಅದು ನನಗೆ ಒಗ್ಗುವುದಿಲ್ಲ. ಆ ಮರಳು ಬಲೆ ಎಳೆಯುವವರ ಅಂಗಳ. ಅಲ್ಲಿ ಕಸ ಬಿಟ್ಟು ಹೋಗುವವರೂ ಬಹುಪಾಲು ನಮ್ಮಂಥ ಹೊರಗಿನವರೇ. ಮನೆಯಲ್ಲಿ ಉಳಿದರೆ ನಾಲ್ಕು ಕಾಸು ಊರಿನಲ್ಲೇ ಉಳಿಯುತ್ತದೆ, ಬಿಸಿ ಗಂಜಿಯ ಜೊತೆ ಮಾತೂ ಸಿಗುತ್ತದೆ.

ಈ ನಡಿಗೆಯ ಹೃದಯವಿರುವುದು ಕಡಲಿನಲ್ಲಲ್ಲ, ಎರಡನೆಯ ಬೆಳಿಗ್ಗೆ ದಾಟುವ ಹೊಳೆಯಲ್ಲಿ. ಶಿರಸಿಯ ಕಡೆ ಹುಟ್ಟುವ ಅಘನಾಶಿನಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಒಂದೇ ಒಂದು ಅಣೆಕಟ್ಟಿಗೂ ಸಿಗದೆ ಇಲ್ಲಿಗೆ ಬಂದು ಕಡಲು ಸೇರುತ್ತದೆ. ನೆರೆಯ ಕಾಳಿ, ಶರಾವತಿಗಳಿಗೆ ಸಿಗದ ಭಾಗ್ಯ ಇದು. ಘಟ್ಟದ ಮಣ್ಣು, ಎಲೆಗೊಬ್ಬರ ತಡೆಯಿಲ್ಲದೆ ಹರಿದು ಬರುವುದರಿಂದಲೇ ಹೊಳೆ ಕಡಲು ಸೇರುವ ಈ ಅಳಿವೆಯ ಜೀವ ಉಳಿದಿದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ತಳಿ ಅದು. ಅದೇ ಗಜನಿಯಲ್ಲಿ ಸಿಗಡಿ, ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿ, ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಆಚೆ ದಡದ ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಬಂದಾಗ ಸುತ್ತಲಿನ ಜನ ಎದ್ದುನಿಂತು ವಿರೋಧಿಸಿದ್ದು ಇದೆಲ್ಲ ಕಣ್ಣಮುಂದೆ ಇದ್ದದ್ದರಿಂದ. ಸ್ಥಾವರ ಬರಲಿಲ್ಲ. ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರಲ್ಲಿ ಪ್ರಕಟವಾಯಿತು.

ದೋಣಿಯಲ್ಲಿ ನಮ್ಮೊಂದಿಗೆ ತರಕಾರಿ ಚೀಲ, ಎರಡು ಮೋಟಾರ್ ಬೈಕು, ಮೀನು ಮಾರಲು ಹೊರಟ ಹೆಂಗಸರು ಇದ್ದರು. ಇಳಿತದ ಹೊತ್ತು. ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಬಾಚುತ್ತಿದ್ದವರ ತಲೆಗಳು ಅಲ್ಲಲ್ಲಿ ಕಾಣುತ್ತಿದ್ದವು, ಪಕ್ಕಕ್ಕೆ ಪಾತಿ ದೋಣಿಗಳು ತೇಲುತ್ತಿದ್ದವು. ಮಗಳು ಆ ಮೇಲೆ ಬಹಳ ಹೊತ್ತು ಅದನ್ನೇ ಮಾತನಾಡಿದಳು. ಸಮಾಜ ಪಾಠದಲ್ಲಿ ನದೀಮುಖ ಎಂದು ಓದಿದ್ದ ಅವಳಿಗೆ ಅಲ್ಲಿ ದುಡಿಯುವವರಿದ್ದಾರೆ ಎಂಬುದು ತಿಳಿದದ್ದು ಆ ಹತ್ತು ನಿಮಿಷದಲ್ಲಿ.

ತದಡಿಯಿಂದ ಬೇಲೆಕಾನಿನವರೆಗೆ ಸಲೀಸು. ಅಲ್ಲಿಂದ ಗುಡ್ಡದ ಮೇಲಿನ ಕಾಲುದಾರಿ ಹಿಡಿದರೆ ಪ್ಯಾರಡೈಸ್, ಹಾಫ್‌ಮೂನ್ ದಂಡೆಗಳು. ಇವೆರಡಕ್ಕೂ ವಾಹನದ ರಸ್ತೆಯಿಲ್ಲ, ಕಾಲ್ನಡಿಗೆ ಅಥವಾ ದೋಣಿ. ಹಾಫ್‌ಮೂನ್ ಬಳಿಯ ಕಡಿದಾದ ಬದಿಯಲ್ಲಿ ಜಂಬಿಟ್ಟಿಗೆಯ ಪುಡಿಗಲ್ಲು ಕಾಲಡಿ ಜಾರುತ್ತದೆ. ಒಳ್ಳೆಯ ಹಿಡಿತವಿರುವ ಬೂಟು ಬೇಕು, ಚಪ್ಪಲಿ ಸಾಲದು. ಬೆಳಗಿನಿಂದ ನಾವಿಬ್ಬರೇ ಇದ್ದವರು ಓಂ ದಂಡೆಗೆ ಇಳಿದಾಗ ಜನಜಂಗುಳಿಗೆ ಬಿದ್ದೆವು. ಕುಡ್ಲೆ ದಾಟಿ, ಕೊನೆಯ ಏರು ಮುಗಿಸಿ, ಮಧ್ಯಾಹ್ನ ಗೋಕರ್ಣದ ರಥಬೀದಿಯಲ್ಲಿದ್ದೆವು. ಮಹಾಬಲೇಶ್ವರನ ಗುಡಿಯ ಮುಂದೆ ಸರದಿ ಉದ್ದವಿತ್ತು. ಹೊರಗಿನಿಂದಲೇ ಕೈಮುಗಿದು ಬಸ್ ನಿಲ್ದಾಣಕ್ಕೆ ನಡೆದೆವು.

ಬಸ್ಸಿನಲ್ಲಿ ಮಗಳು ನಕ್ಷೆ ತೆರೆದು ಕುಮಟಾದಿಂದ ದಕ್ಷಿಣಕ್ಕೆ ಬೆರಳು ಎಳೆಯುತ್ತಿದ್ದಳು. ಧಾರೇಶ್ವರದ ಉದ್ದನೆಯ ದಂಡೆ, ಮುಂದೆ ಹೊನ್ನಾವರದಲ್ಲಿ ಶರಾವತಿ. ನಾಲ್ಕು ತಾಸಿನ ಗೆರೆಯೊಳಗೇ ಇದೆ. ಫೆಬ್ರವರಿಯಲ್ಲಿ ಯಾವ ಶನಿವಾರ ಬೆಳಿಗ್ಗೆ ಇಳಿತ ಬೀಳುತ್ತದೆ ಎಂದು ಈಗ ನೋಡುತ್ತಿದ್ದೇವೆ.